ಕ್ಯಾಮೆರಾ ಎತ್ತಬಾರದ ಜಾಗ ಯಾವುದೆಂದು ಬರೆದು ಹೇಳಿ

ಮಾನ್ಯ ಸಂಪಾದಕರೇ,

ನಾನು ಮೈಸೂರಿನವನು. ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಅಧ್ಯಾಪಕನಾಗಿದ್ದು ನಿವೃತ್ತನಾಗಿದ್ದೇನೆ; ನಲವತ್ತು ವರ್ಷಗಳಿಂದ ಬರಿಯ ಹವ್ಯಾಸಕ್ಕಾಗಿ ಛಾಯಾಚಿತ್ರ ತೆಗೆಯುತ್ತ ಬಂದಿದ್ದೇನೆ. ಸಾರ್ವಜನಿಕ ಸ್ಥಳಗಳಲ್ಲಿ ಕ್ಯಾಮೆರಾ ಹಿಡಿದವರನ್ನು ಪೊಲೀಸರು ನಡೆಸಿಕೊಳ್ಳುವ ರೀತಿಯ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಗೃಹ ಇಲಾಖೆಯ ಗಮನ ಸೆಳೆಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾದರೂ ಓದುಗರು ತಾಳ್ಮೆಯಿಂದ ಓದಬೇಕೆಂದು ವಿನಂತಿ.

ಕಳೆದ ಪುಷ್ಯಮಾಸದ ಒಂದು ಬೆಳಗ್ಗೆ, ಜಿಲ್ಲಾ ಕೇಂದ್ರವೊಂದರ ಹೊರವಲಯದಲ್ಲಿ, ಹಳೆಯ ಕಲ್ಲುಕಮಾನಿನ ರೈಲ್ವೆ ಸೇತುವೆಯ ಕೆಳಗಿನ ಹೊಳೆಯ ದಡದಲ್ಲಿ ಟ್ರೈಪಾಡ್ ನಿಲ್ಲಿಸಿಕೊಂಡು ಬೆಳಕಿಗಾಗಿ ಕಾಯುತ್ತಿದ್ದೆ. ನೀರಿನ ಮೇಲಿನ ಮಂಜು ಕಮಾನುಗಳ ಅರ್ಧದವರೆಗೆ ಏರಿತ್ತು. ಬಟ್ಟೆ ಒಗೆಯಲು ಬಂದಿದ್ದ ಇಬ್ಬರು ಆ ಮಂಜಿನೊಳಗೆ ನೆರಳುಗಳಂತೆ ಕಾಣುತ್ತಿದ್ದರು. ಅವರ ಒಪ್ಪಿಗೆ ಕೇಳಿಯೇ ಚಿತ್ರ ತೆಗೆಯತೊಡಗಿದ್ದೆ. ಅಷ್ಟರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಪೊಲೀಸರು, ‘ಯಾರನ್ನ ಕೇಳಿ ಸೇತುವೆ ಫೋಟೊ ತೆಗೀತಿದೀರಿ?’ ಎಂದು ಕೇಳಿದರು. ಅಲ್ಲಿ ನಿಷೇಧದ ಫಲಕ ಯಾವುದೂ ಇರಲಿಲ್ಲ, ಕಾವಲೂ ಇರಲಿಲ್ಲ. ಗುರುತಿನ ಚೀಟಿ ತೋರಿಸಿದೆ, ಹಿಂದೆ ಬಹುಮಾನ ಪಡೆದಿದ್ದ ನನ್ನ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಆದರೂ ಠಾಣೆಗೆ ಹೋಗಬೇಕಾಯಿತು. ಬೆಂಚಿನ ಮೇಲೆ ಮೂರೂವರೆ ಗಂಟೆ ಕೂತ ಮೇಲೆ ಅಧಿಕಾರಿಯೊಬ್ಬರು ಕ್ಯಾಮೆರಾ ಕೈಗೆ ತೆಗೆದುಕೊಂಡು, ಮೆಮೊರಿ ಕಾರ್ಡಿನಲ್ಲಿದ್ದುದನ್ನೆಲ್ಲ ಅಳಿಸಿ, ‘ಇನ್ನು ಹೊರಡಿ’ ಎಂದರು. ಹಿಂದಿನ ವಾರ ನಡೆದಿದ್ದ ನನ್ನ ಸೋದರಳಿಯನ ಮದುವೆಯ ಚಿತ್ರಗಳೂ ಅದೇ ಕಾರ್ಡಿನಲ್ಲಿದ್ದವು. ಯಾವ ಕಾನೂನಿನಡಿ ಹೀಗೆ ಮಾಡಲಾಯಿತೆಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಹೊರಗೆ ಬಂದಾಗ ಆ ಇಬ್ಬರಲ್ಲಿ ಕಿರಿಯವನಾದ ಕಾನ್‌ಸ್ಟೆಬಲ್ ಮಾತ್ರ, ‘ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ಮೇಲಿಂದ ಹೇಳಿದ್ದಾರೆ, ನಾವೇನು ಮಾಡೋಣ’ ಎಂದು ಮೆಲ್ಲಗೆ ಹೇಳಿದ.

ಆ ಹುಡುಗನ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಮೇಲಿನಿಂದ ಏನು ಹೇಳಿದ್ದಾರೆ, ಯಾರು ಹೇಳಿದ್ದಾರೆ, ಎಲ್ಲಿ ಬರೆದಿದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ನನ್ನ ದೂರು ಅವನ ಮೇಲಲ್ಲ, ಆ ಠಾಣೆಯ ಮೇಲೂ ಅಲ್ಲ. ಬರವಣಿಗೆಯಲ್ಲಿ ಎಲ್ಲಿಯೂ ಇಲ್ಲದ ಒಂದು ನಿಷೇಧ ಇಡೀ ರಾಜ್ಯದಲ್ಲಿ ಬಾಯಿಂದ ಬಾಯಿಗೆ ಜಾರಿಯಲ್ಲಿದೆಯಲ್ಲ, ಅದರ ಮೇಲೆ.

ಪೊಲೀಸರ ಆತಂಕ ಬರಿಯ ನೆಪವೆಂದು ನಾನು ಹೇಳಲಾರೆ. 2005ರ ಡಿಸೆಂಬರ್ 28ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡಿಗೆ ಬಲಿಯಾದ ಪ್ರಾಧ್ಯಾಪಕರನ್ನು, 2008ರ ಜುಲೈ 25ರ ಸರಣಿ ಸ್ಫೋಟಗಳನ್ನು, 2010ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಗೋಡೆಯ ಬಳಿ ಸಿಡಿದ ಬಾಂಬನ್ನು, 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ನಡೆದುದನ್ನು ಕಂಡ ರಾಜ್ಯ ನಮ್ಮದು. ಮುಂಬೈ ದಾಳಿಗೆ ಮುನ್ನ ಡೇವಿಡ್ ಹೆಡ್ಲಿ ಎಂಬಾತ 2006ರಿಂದ 2008ರ ನಡುವೆ ಮತ್ತೆ ಮತ್ತೆ ಆ ನಗರಕ್ಕೆ ಬಂದು ತಾಜ್ ಹೋಟೆಲೂ ಸೇರಿದಂತೆ ದಾಳಿಯ ಗುರಿಗಳನ್ನು ವಿಡಿಯೊ ಮಾಡಿಕೊಂಡು ಹೋಗಿದ್ದ ಎಂಬುದನ್ನು ಅವನೇ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದ್ದಾನೆ. ಇತ್ತೀಚೆಗೆ, 2025ರ ಫೆಬ್ರುವರಿಯಲ್ಲಿ, ಕಾರವಾರದ ಕದಂಬ ನೌಕಾನೆಲೆಯ ಮಾಹಿತಿ ಹೊರಗೆ ಹೋಗಿದೆ ಎಂಬ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ದಳ ಆ ಭಾಗದಲ್ಲಿ ಬಂಧನಗಳನ್ನು ಮಾಡಿತು. ಹೀಗಿರುವಾಗ ಗಸ್ತಿನಲ್ಲಿರುವ ಪೊಲೀಸರು ಅಪರಿಚಿತನನ್ನು ತಡೆದು ನೀವು ಯಾರು, ಇಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಅದು ಅವರ ಕರ್ತವ್ಯ. ಅದಕ್ಕೆ ನೆಟ್ಟಗೆ ಉತ್ತರ ಕೊಡುವುದು ನನ್ನ ಕರ್ತವ್ಯ. ನಾನು ಆಕ್ಷೇಪಿಸುತ್ತಿರುವುದು ಆ ಪ್ರಶ್ನೆಯನ್ನಲ್ಲ, ಉತ್ತರ ಸಿಕ್ಕ ಮೇಲೆಯೂ ಮುಂದುವರಿಯುವುದನ್ನು.

ಹೆಡ್ಲಿಯ ಪ್ರಕರಣವನ್ನೇ ಇನ್ನಷ್ಟು ಹತ್ತಿರದಿಂದ ನೋಡಬೇಕು. ವ್ಯವಹಾರಸ್ಥನ ಸೋಗಿನಲ್ಲಿ ಬಂದಿದ್ದ ಅವನು ಪ್ರವಾಸಿಗಳ ನಡುವೆ ಪ್ರವಾಸಿಯಂತೆ ಬೆರೆತು ತನ್ನ ಕೆಲಸ ಮುಗಿಸಿಕೊಂಡ. ಕೆಟ್ಟ ಉದ್ದೇಶವಿರುವವನು ಎಲ್ಲರ ಕಣ್ಣಿಗೆ ಬೀಳುವಂತೆ ನಡುದಾರಿಯಲ್ಲಿ ಟ್ರೈಪಾಡ್ ಹೂಡಿ, ಮೊಳದುದ್ದದ ಲೆನ್ಸ್ ಹಾಕಿಕೊಂಡು ಗಂಟೆಗಟ್ಟಲೆ ನಿಲ್ಲುವುದಿಲ್ಲ. ಆದರೆ ನಮ್ಮಲ್ಲಿ ಅನುಮಾನ ಹುಟ್ಟುವುದು ಕ್ಯಾಮೆರಾದ ಗಾತ್ರ ನೋಡಿ. ಹತ್ತಾರು ಪಟ್ಟು ಹಿಗ್ಗಿಸಿ ತೋರಿಸುವ ಮೊಬೈಲುಗಳು ಪ್ರತಿಯೊಬ್ಬರ ಜೇಬಿನಲ್ಲಿವೆ. ಅದೇ ಸೇತುವೆಯ ಮೇಲೆ ಹಾದುಹೋದ ರೈಲಿನ ಬಾಗಿಲಲ್ಲಿ ನಿಂತು ನಾಲ್ಕಾರು ಹುಡುಗರು ವಿಡಿಯೊ ಮಾಡಿಕೊಳ್ಳುತ್ತಿದ್ದುದನ್ನು ಆ ಬೆಳಗ್ಗೆ ನಾನೇ ಕಂಡೆ. ನೋಡಬೇಕಾದುದು ವರ್ತನೆಯನ್ನು: ಒಬ್ಬನು ಕಟ್ಟಡದ ಅಂದವನ್ನು ಬಿಟ್ಟು ಕಾವಲುಗಾರರ ಪಾಳಿ ಬದಲಾಗುವ ಹೊತ್ತನ್ನು, ಹಿಂಬಾಗಿಲನ್ನು, ಸಿಸಿಟಿವಿ ಇರುವ ಮೂಲೆಗಳನ್ನು ದಿನ ಬಿಟ್ಟು ದಿನ ಬಂದು ಚಿತ್ರಿಸುತ್ತಿದ್ದಾನೆಯೇ, ಮಾತಾಡಿಸಿದರೆ ತಪ್ಪಿಸಿಕೊಳ್ಳುತ್ತಾನೆಯೇ ಎಂಬುದನ್ನು. ಇದನ್ನು ಗುರುತಿಸುವ ತರಬೇತಿ ಕಾನ್‌ಸ್ಟೆಬಲ್‌ಗಳಿಗೆ ದೊರೆತರೆ ಭದ್ರತೆಯೇ ಬಲಗೊಳ್ಳುತ್ತದೆ.

ಈಗ ಕಾನೂನಿನ ಮಾತಿಗೆ ಬರುತ್ತೇನೆ. ಠಾಣೆಯಲ್ಲಿ ಅಂದು ಒಬ್ಬರು ‘ಅಧಿಕೃತ ರಹಸ್ಯ ಕಾಯ್ದೆ ಹಾಕಿದರೆ ಗೊತ್ತಾಗುತ್ತೆ’ ಎಂದಿದ್ದರಿಂದ, ಮನೆಗೆ ಬಂದ ಮೇಲೆ ಆ ಕಾಯ್ದೆಯನ್ನು ತರಿಸಿ ಓದಿದೆ. 1923ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆ ಅದು. ಸೇನೆ, ನೌಕಾಪಡೆ, ವಾಯುಪಡೆಗಳ ನೆಲೆಗಳಂಥವು ನೇರವಾಗಿಯೇ ಅದರ ‘ನಿಷಿದ್ಧ ಸ್ಥಳ’ದ ವ್ಯಾಖ್ಯೆಯೊಳಗೆ ಬರುತ್ತವೆ. ಆದರೆ ರೈಲು ಮಾರ್ಗ, ರಸ್ತೆ, ನೀರು ಮತ್ತು ವಿದ್ಯುತ್ ಸ್ಥಾವರಗಳಂಥ ಸಾರ್ವಜನಿಕ ನಿರ್ಮಾಣಗಳು ಹಾಗಲ್ಲ. ಅವು ನಿಷಿದ್ಧ ಸ್ಥಳವಾಗಬೇಕಾದರೆ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಬೇಕು, ಮತ್ತು ಆ ಅಧಿಸೂಚನೆಯ ಪ್ರತಿಯನ್ನು ಆ ಸ್ಥಳದಲ್ಲಿ ಇಂಗ್ಲಿಷಿನಲ್ಲೂ ಸ್ಥಳೀಯ ಜನರ ಭಾಷೆಯಲ್ಲೂ ಅಂಟಿಸಿರಬೇಕು. ಪರಕೀಯ ಸರ್ಕಾರ ಕೂಡ, ನಮ್ಮನ್ನು ಗುಮಾನಿಯಿಂದಲೇ ನೋಡುತ್ತಿದ್ದ ಕಾಲದಲ್ಲಿ, ಇಲ್ಲಿ ನಿಲ್ಲಬೇಡ ಎಂದು ಕನ್ನಡಿಗನಿಗೆ ಕನ್ನಡದಲ್ಲಿ ತಿಳಿಸಬೇಕೆಂಬ ಕಟ್ಟುಪಾಡನ್ನು ತನಗೆ ತಾನೇ ಹಾಕಿಕೊಂಡಿತ್ತು. ಅದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ನೂರು ವರ್ಷ ಕಳೆದ ಮೇಲೆ, ನಮ್ಮದೇ ರಾಜ್ಯದಲ್ಲಿ, ಯಾವ ಭಾಷೆಯಲ್ಲಿಯೂ ಏನನ್ನೂ ಬರೆಯದೆ ಬರಿಯ ಗದರಿಕೆಯಿಂದ ಅದೇ ಕಾಯ್ದೆಯ ಹೆಸರು ಹೇಳಲಾಗುತ್ತಿದೆ. ಪೊಲೀಸ್ ಠಾಣೆಯೇ ಆ ಕಾಯ್ದೆಯ ಪ್ರಕಾರ ನಿಷಿದ್ಧ ಸ್ಥಳವಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿ, ಠಾಣೆಯೊಳಗೆ ವಿಡಿಯೊ ಮಾಡಿದವರ ಮೇಲಿನ ಪ್ರಕರಣವನ್ನು ರದ್ದುಪಡಿಸಿತು ಎಂಬುದನ್ನೂ ಇಲ್ಲಿ ನೆನೆಯಬಹುದು.

ಚಿತ್ರ ಅಳಿಸುವ ಪದ್ಧತಿ ಇದಕ್ಕಿಂತಲೂ ವಿಚಿತ್ರವಾದದ್ದು. ನಾನು ತೆಗೆದ ಚಿತ್ರ ಅಪರಾಧವೇ ಆಗಿದ್ದರೆ ಅದು ಸಾಕ್ಷ್ಯ; ಸಾಕ್ಷ್ಯವನ್ನು ಅಳಿಸಲು ಯಾವ ಅಧಿಕಾರಿಗೂ ಅಧಿಕಾರವಿಲ್ಲ, ಸಾಕ್ಷ್ಯನಾಶವೇ ಒಂದು ಅಪರಾಧ. ಅಪರಾಧವಲ್ಲದಿದ್ದರೆ ಅದು ನನ್ನ ಸ್ವತ್ತು. ಅದನ್ನು ಮುಟ್ಟಲು ಕಾರಣವೇ ಇಲ್ಲ. ವಸ್ತುವನ್ನು ಜಪ್ತಿ ಮಾಡುವುದಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಪೊಲೀಸರೇ ವಿಡಿಯೊ ಮಾಡಬೇಕು, ಜಪ್ತಿಯ ವರದಿಯನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಸ್ಮಾರ್ಟ್‌ಫೋನಿನಂಥ ಸಾಧನಗಳ ಒಳಗೆ ಇರುವುದನ್ನು ಶೋಧಿಸಲು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು, ತುರ್ತಿನಲ್ಲಿ ವಾರಂಟ್ ಇಲ್ಲದೆ ಶೋಧಿಸುವುದಾದರೆ ಕಾರಣವನ್ನು ಬರೆದಿಡಬೇಕು ಎಂದು ನಮ್ಮ ಕರ್ನಾಟಕ ಹೈಕೋರ್ಟೇ 2021ರ ಮಾರ್ಚ್‌ನಲ್ಲಿ ನಿರ್ದೇಶಿಸಿದೆ. ಇದ್ಯಾವುದೂ ನಡೆಯದೆ, ರಸೀದಿಯಿಲ್ಲ, ಮಹಜರಿಲ್ಲ, ಠಾಣೆಯ ದಿನಚರಿಯಲ್ಲಿ ಒಂದು ಸಾಲೂ ಇಲ್ಲ ಎಂಬಂತೆ ಒಂದು ಗುಂಡಿ ಒತ್ತಿ ಎಲ್ಲವನ್ನೂ ಮುಗಿಸಲಾಗುತ್ತದೆ.

ಇದರಿಂದ ಭದ್ರತೆಗಾದರೂ ಲಾಭವಾಯಿತೇ ಎಂದರೆ ಅದೂ ಇಲ್ಲ. ಅಂದು ಸಂಜೆ ಮನೆಗೆ ಬಂದು, ಪರಿಚಯದ ಹುಡುಗನೊಬ್ಬನ ನೆರವಿನಿಂದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಅಳಿಸಿದ ಕಡತಗಳನ್ನು ಹಿಂದಕ್ಕೆ ತರುವ ತಂತ್ರಾಂಶ ಓಡಿಸಿದೆ. ಮದುವೆಯ ಚಿತ್ರಗಳಲ್ಲಿ ಮುಕ್ಕಾಲು ಪಾಲು ಮರಳಿ ಬಂದವು. ಅವುಗಳ ಜೊತೆಗೆ ಸೇತುವೆಯ ಚಿತ್ರಗಳೂ ಬಂದವು. ಅಳಿಸಿದ ಕಾರ್ಡಿಗೆ ಬೇರೆ ಚಿತ್ರ ತುಂಬದಿದ್ದರೆ ಹಳೆಯವು ಹೀಗೆ ಸಿಗುತ್ತವೆಂಬುದು ಯಾವ ಹವ್ಯಾಸಿಗೂ ಗೊತ್ತು. ನನ್ನಂಥ ನಿವೃತ್ತ ಮೇಷ್ಟ್ರಿಗೆ ಅರ್ಧ ಗಂಟೆಯಲ್ಲಿ ಸಾಧ್ಯವಾದದ್ದು ನಿಜವಾದ ಗೂಢಚಾರನಿಗೆ ಸಾಧ್ಯವಾಗದೇ? ಅಂಥವನೊಬ್ಬ ಸಿಕ್ಕಿಬಿದ್ದಿದ್ದರೆ ಅವನ ಚಿತ್ರಗಳನ್ನು ಅಳಿಸಿ ಮನೆಗೆ ಕಳಿಸಿದ್ದು ದೊಡ್ಡ ಅಪಾಯವೇ ಆಗುತ್ತಿತ್ತು.

ಬೀದಿಯ ಚಿತ್ರವನ್ನು ತಡೆದರೆ ಊರು ಸುರಕ್ಷಿತವಾಗುತ್ತದೆಂಬ ನಂಬಿಕೆ ಬೆಂಗಳೂರಿನಲ್ಲಿ ಒಮ್ಮೆ ಪರೀಕ್ಷೆಗೆ ಒಳಗಾಗಿದೆ. 2011ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆ ತನ್ನ ಸ್ಟ್ರೀಟ್ ವ್ಯೂ ಕಾರುಗಳನ್ನು ಬೆಂಗಳೂರಿನ ಬೀದಿಗಳಲ್ಲಿ ಓಡಿಸಲು ತೊಡಗಿದಾಗ, ಕೆಲವೇ ವಾರಗಳಲ್ಲಿ ನಗರ ಪೊಲೀಸರು ಭದ್ರತೆಯ ಕಾರಣ ಹೇಳಿ ನಿಲ್ಲಿಸಿದರು. ಹನ್ನೊಂದು ವರ್ಷಗಳ ನಂತರ, 2022ರ ಜುಲೈ 27ರಂದು, ಅದೇ ಸೇವೆ ಭಾರತೀಯ ಕಂಪನಿಗಳ ಸಹಯೋಗದಲ್ಲಿ ಬೆಂಗಳೂರೂ ಸೇರಿ ಹತ್ತು ನಗರಗಳಲ್ಲಿ ಆರಂಭವಾಯಿತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಕೂತವನೂ ಬಸವನಗುಡಿಯ ಬೀದಿಯಲ್ಲಿ ಅಡ್ಡಾಡಿದಂತೆ ನೋಡಬಹುದು. ಇದು ಸಾಧ್ಯವಾದದ್ದು ನಕ್ಷೆ ಮತ್ತು ಭೂಮಾಹಿತಿಯ ಬಗ್ಗೆ ಕೇಂದ್ರ ಸರ್ಕಾರ 2021ರಲ್ಲಿ ಮಾರ್ಗಸೂಚಿಯನ್ನು ಬರೆದು ಪ್ರಕಟಿಸಿದ್ದರಿಂದ. ಬೃಹತ್ ಕಂಪನಿಗೆ ಅನ್ವಯವಾಗುವ ಸ್ಪಷ್ಟ ಬರಹವಿದೆ, ಹವ್ಯಾಸಿಗೆ ಮಾತ್ರ ಇಲ್ಲ.

ಸರ್ಕಾರಕ್ಕೆ ಮನಸ್ಸಿದ್ದರೆ ಗೆರೆ ಎಳೆಯುವುದು ಕಷ್ಟವಲ್ಲವೆಂಬುದಕ್ಕೆ ಡ್ರೋನ್ ನಿಯಮಗಳೂ ಸಾಕ್ಷಿ. 2021ರ ಆ ನಿಯಮಗಳ ಅನ್ವಯ ಇಡೀ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿ, ಯಾರು ಬೇಕಾದರೂ ನೋಡುವಂತೆ ನಕ್ಷೆಯನ್ನು ಅಂತರ್ಜಾಲದಲ್ಲಿ ಇಡಲಾಗಿದೆ. ಡ್ರೋನ್ ಹಾರಿಸುವ ಹುಡುಗನಿಗೆ ಎಲ್ಲಿ ಹಾರಿಸಬಾರದು ಎಂದು ಮೊದಲೇ ತಿಳಿಯುತ್ತದೆ. ನೆಲದ ಮೇಲೆ ನಿಂತ ನನಗೆ ಠಾಣೆಯ ಬೆಂಚಿನ ಮೇಲೆ ಕೂತಾಗ ತಿಳಿಯುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಇದೇ ದಾರಿ ಹಿಡಿಯಿತು. 2018ರ ಜುಲೈನಲ್ಲಿ ಅದು ಅಜಂತಾ ಗುಹೆಗಳು, ಲೇಹ್ ಅರಮನೆ ಮತ್ತು ತಾಜ್ ಮಹಲಿನ ಸಮಾಧಿ ಕೋಣೆಯನ್ನು ಬಿಟ್ಟು ತನ್ನ ರಕ್ಷಣೆಯ ಉಳಿದ ಸ್ಮಾರಕಗಳಲ್ಲಿ ಚಿತ್ರ ತೆಗೆಯಬಹುದೆಂದು ಪ್ರಕಟಿಸಿದ ಮೇಲೆ, ಬಾದಾಮಿ, ಪಟ್ಟದಕಲ್ಲುಗಳಲ್ಲಿ ಕಾವಲುಗಾರನೊಂದಿಗೆ ವಾದಿಸುವ ಪ್ರಮೇಯವೇ ಬರುವುದಿಲ್ಲ. ನಿಷೇಧಕ್ಕೆ ಹೆಸರಿದ್ದರೆ ಅದನ್ನು ಪಾಲಿಸುವುದು ಸುಲಭ. ನಮ್ಮ ಮೈಸೂರಿನಲ್ಲಿ ನೋಟು ಮುದ್ರಣಾಲಯವಿದೆ; ಅದರ ಮುಂದೆ ಕ್ಯಾಮೆರಾ ಎತ್ತಬಾರದೆಂಬುದು ಊರಿನವರಿಗೆಲ್ಲ ತಿಳಿದಿದೆ, ನನಗೆ ತಿಳಿದ ಯಾವ ಹವ್ಯಾಸಿಯೂ ಅಲ್ಲಿ ಕ್ಯಾಮೆರಾ ಎತ್ತಿಲ್ಲ.

ಬ್ರಿಟನ್ನಿನ ಅನುಭವವೂ ನಮಗೆ ಪಾಠವಾಗಬೇಕು. ಅಲ್ಲಿನ ಭಯೋತ್ಪಾದನಾ ಕಾಯ್ದೆಯ 44ನೇ ಸೆಕ್ಷನ್ ಪೊಲೀಸರಿಗೆ ಗುಮಾನಿಯೇ ಇಲ್ಲದೆ ಯಾರನ್ನಾದರೂ ತಡೆದು ಶೋಧಿಸುವ ಅಧಿಕಾರ ಕೊಟ್ಟಿತ್ತು; ಲಂಡನ್ನಿನ ಬೀದಿಗಳಲ್ಲಿ ಅದರ ಬಿಸಿ ತಟ್ಟಿದವರಲ್ಲಿ ಛಾಯಾಗ್ರಾಹಕರು ಬಹಳ ಮಂದಿ. 2010ರ ಜನವರಿ 12ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ಅಧಿಕಾರವು ಖಾಸಗಿತನದ ಹಕ್ಕನ್ನು ಉಲ್ಲಂಘಿಸುತ್ತದೆಂದು ತೀರ್ಪು ನೀಡಿತು. ಅದೇ ತಿಂಗಳು ಟ್ರಾಫಲ್ಗರ್ ಚೌಕದಲ್ಲಿ ಛಾಯಾಗ್ರಾಹಕರು ಕ್ಯಾಮೆರಾಗಳೊಂದಿಗೆ ಗುಂಪಾಗಿ ಸೇರಿ ಪ್ರತಿಭಟಿಸಿದರು. 2009–10ರ ಒಂದೇ ವರ್ಷದಲ್ಲಿ ಆ ಸೆಕ್ಷನ್ನಿನಡಿ ಒಂದು ಲಕ್ಷಕ್ಕೂ ಹೆಚ್ಚು ಬಾರಿ ಜನರನ್ನು ತಡೆದು ಶೋಧಿಸಿದ್ದರೂ ಭಯೋತ್ಪಾದನೆಯ ಅಪರಾಧಕ್ಕಾಗಿ ಒಬ್ಬನೂ ಬಂಧಿತನಾಗಿರಲಿಲ್ಲ. ಕೊನೆಗೆ 2012ರಲ್ಲಿ ಆ ಸೆಕ್ಷನ್ ರದ್ದಾಯಿತು. ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯಲು ಯಾರ ಪರವಾನಗಿಯೂ ಬೇಕಿಲ್ಲವೆಂದು ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ತಮ್ಮ ಸಿಬ್ಬಂದಿಗೂ ಜನರಿಗೂ ಒಂದೇ ಬರಹದಲ್ಲಿ ತಿಳಿಸಿದ್ದಾರೆ. ಅಷ್ಟೊಂದು ಜನರನ್ನು ತಡೆಯಲು ವ್ಯಯವಾದ ಪೊಲೀಸರ ಸಮಯವನ್ನು ಯೋಚಿಸಿದರೆ, ನಷ್ಟವಾದದ್ದು ಛಾಯಾಗ್ರಾಹಕರಿಗೆ ಮಾತ್ರವಲ್ಲ.

ಹಾಗೆಂದು ಕ್ಯಾಮೆರಾ ಹಿಡಿದವರೆಲ್ಲ ಸಾಧುಗಳೆಂದು ನಾನು ವಾದಿಸುತ್ತಿಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೊದಲ್ಲಿ ಪಯಣಿಸುವ ಹೆಣ್ಣುಮಕ್ಕಳನ್ನು ಅವರಿಗೆ ತಿಳಿಯದಂತೆ ಚಿತ್ರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದವನನ್ನು ಬೆಂಗಳೂರು ಪೊಲೀಸರು ಬಂಧಿಸಿದಾಗ ನಾವೆಲ್ಲ ಅದನ್ನು ಮನಸಾರೆ ಸ್ವಾಗತಿಸಿದೆವು. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದಿದೆ. ಆ ಹಕ್ಕು ನನ್ನ ಮೆಮೊರಿ ಕಾರ್ಡನ್ನು ಕಾಯುವಂತೆಯೇ ಬೀದಿಯಲ್ಲಿ ನನ್ನ ಲೆನ್ಸಿನ ಎದುರಿಗೆ ಬರುವವರ ಮಾನವನ್ನೂ ಕಾಯುತ್ತದೆ. ಬೇಡವೆಂದವರ ಚಿತ್ರ ತೆಗೆಯಬಾರದು, ಮಕ್ಕಳ ಚಿತ್ರಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು, ಪೊಲೀಸರ ಕಾರ್ಯಾಚರಣೆಗೆ ಅಡ್ಡ ನಿಲ್ಲಬಾರದು, ಕೇಳಿದಾಗ ಗುರುತು ತೋರಿಸಲು ಹಿಂಜರಿಯಬಾರದು ಎಂದು ಹೊಸದಾಗಿ ಕ್ಯಾಮೆರಾ ಹಿಡಿಯುವ ಹುಡುಗರಿಗೆ ನಾನು ಯಾವಾಗಲೂ ಹೇಳುತ್ತೇನೆ. ಆ ಹುಡುಗರಲ್ಲಿ ಕೆಲವರು ಪೊಲೀಸರನ್ನು ಕಂಡೊಡನೆ ಹಕ್ಕಿನ ಮಾತೆತ್ತಿ ಜಗಳಕ್ಕೆ ನಿಲ್ಲುತ್ತಾರೆ, ಮೊಬೈಲ್ ತೆಗೆದು ಅಧಿಕಾರಿಯ ಮುಖಕ್ಕೆ ಹಿಡಿಯುತ್ತಾರೆ. ಅದು ಸರಿಯಲ್ಲ, ದಿನವಿಡೀ ಬಿಸಿಲಿನಲ್ಲಿ ನಿಂತವರ ಸಹನೆಗೂ ಒಂದು ಮಿತಿಯಿರುತ್ತದೆ.

ಹವ್ಯಾಸಿಗಳ ಚಿತ್ರಗಳಿಂದ ಊರಿಗೆ ಆಗುವ ಉಪಯೋಗವನ್ನೂ ಹೇಳಬೇಕು. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದಿತ್ತು. ಆ ಎರಡೂ ಕಟ್ಟಡಗಳು ನೆಟ್ಟಗಿದ್ದ ಕಾಲದ ಬಾಗಿಲು, ಕಂಬ, ಕಮಾನುಗಳ ಚಿತ್ರಗಳು ನನ್ನ ಹಳೆಯ ನೆಗೆಟಿವ್‌ಗಳಲ್ಲಿವೆ. ನನ್ನ ಗೆಳೆಯರ ಬಳಿ ನನಗಿಂತ ಹೆಚ್ಚು ಇವೆ. ಹಣಕ್ಕಲ್ಲದೆ, ಯಾರೂ ಹೇಳದೆ, ಭಾನುವಾರದ ಬೆಳಗಿನಲ್ಲಿ ತೆಗೆದ ಚಿತ್ರಗಳು ಅವು. ಡಾ. ಜಿ. ಥಾಮಸ್ ಅವರು 1953ರಲ್ಲಿ ಅಖಿಲ ಭಾರತ ಮಟ್ಟದ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿದ್ದು ಬೆಂಗಳೂರಿನಿಂದ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಕಾಡು ಕೆರೆಗಳಲ್ಲಿ ಕಾದು ಕೂತು ತೆಗೆದ ಚಿತ್ರಗಳಿಂದ ನಾಡಿನ ಎರಡು ತಲೆಮಾರು ಪ್ರಾಣಿ ಪಕ್ಷಿಗಳನ್ನು ನೋಡಲು ಕಲಿಯಿತು. ಇಂಥ ಪರಂಪರೆಯ ನಾಡಿನಲ್ಲಿ ಕೆರೆಯ ಏರಿಯ ಮೇಲೆ ಲೆನ್ಸ್ ಹಿಡಿದು ನಿಂತವನು ಮೊದಲ ನೋಟಕ್ಕೇ ಆರೋಪಿಯಂತೆ ಕಾಣಬಾರದು. ತನಿಖೆಗೂ ಚಿತ್ರಗಳೇ ನೆರವಾಗುತ್ತವೆ. 2013ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿದಾಗ ಅಮೆರಿಕದ ಎಫ್‌ಬಿಐ ಅಲ್ಲಿದ್ದವರೆಲ್ಲ ತಾವು ತೆಗೆದ ಚಿತ್ರ, ವಿಡಿಯೊಗಳನ್ನು ಕೊಡಬೇಕೆಂದು ಬೇಡಿಕೊಂಡಿತ್ತು.

ಇನ್ನೊಂದು ಮಾತು. ನಮ್ಮಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ನೂರು ಜನ ಸೇರುವ ಅಂಗಡಿ ಸಂಕೀರ್ಣ, ಆಸ್ಪತ್ರೆ, ಕಲ್ಯಾಣಮಂಟಪಗಳಂಥ ಕಡೆಗಳಲ್ಲಿ ಕ್ಯಾಮೆರಾ ಇಟ್ಟು ಮೂವತ್ತು ದಿನಗಳ ದೃಶ್ಯ ಕಾಪಾಡಬೇಕು. ಬೆಂಗಳೂರಿನಲ್ಲಿ ಸೇಫ್ ಸಿಟಿ ಯೋಜನೆಯಡಿ ಸಾವಿರಾರು ಕ್ಯಾಮೆರಾಗಳು ಬೀದಿಗಳನ್ನು ನೋಡುತ್ತಿವೆ. ಇದಕ್ಕೆ ನನ್ನ ವಿರೋಧವಿಲ್ಲ. ಎಲ್ಲರನ್ನೂ ಚಿತ್ರಿಸುವ ಅಧಿಕಾರವನ್ನು ಸರ್ಕಾರ ಕಾನೂನು ಬರೆದು ಪಡೆದುಕೊಂಡಿದೆ. ನಾಗರಿಕ ಬೀದಿಯನ್ನು ಚಿತ್ರಿಸಬಾರದೆನ್ನುವಾಗಲೂ ಅದೇ ಶಿಸ್ತನ್ನು ಪಾಲಿಸಲಿ ಎಂಬುದಷ್ಟೇ ನನ್ನ ಕೋರಿಕೆ. ಸಂವಿಧಾನದ 19ನೇ ವಿಧಿ ಕೊಟ್ಟ ಅಭಿವ್ಯಕ್ತಿಯ ಹಕ್ಕಿಗೆ ಸರ್ಕಾರ ಮಿತಿ ಹಾಕಬಹುದು, ಆದರೆ ಅದು ಕಾನೂನಿನ ಮೂಲಕವೇ ಬರಬೇಕು ಮತ್ತು ಸಮಂಜಸವಾಗಿರಬೇಕು.

ಆದ್ದರಿಂದ ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಎಲ್ಲ ಠಾಣೆಗಳಿಗೆ ಕನ್ನಡದಲ್ಲಿ ಒಂದು ಸುತ್ತೋಲೆ ಹೊರಡಿಸಬೇಕು. ಚಿತ್ರ ತೆಗೆಯಬಾರದ ಸ್ಥಳಗಳ ಪಟ್ಟಿಯನ್ನು ಪ್ರತಿ ಜಿಲ್ಲೆಯಲ್ಲೂ ಪ್ರಕಟಿಸಿ, ಆ ಸ್ಥಳಗಳಲ್ಲಿ ಯಾವ ಆದೇಶದಡಿ ನಿಷೇಧವಿದೆಯೆಂದು ಸಂಖ್ಯೆ, ದಿನಾಂಕ ಸಹಿತ ಫಲಕ ಹಾಕಿಸಬೇಕು. ಫಲಕವಿಲ್ಲದ ಕಡೆ ಗುರುತು ಕೇಳಿ ದಾಖಲಿಸಿಕೊಂಡ ಮೇಲೆ, ವರ್ತನೆಯಲ್ಲಿ ಸಂಶಯಕ್ಕೆ ಬೇರೆ ಕಾರಣವಿಲ್ಲದಿದ್ದರೆ, ಅವರವರ ಪಾಡಿಗೆ ಬಿಡಬೇಕು. ಯಾರ ಚಿತ್ರವನ್ನೂ ಅಳಿಸಬಾರದು, ಅಳಿಸೆಂದು ಒತ್ತಾಯಿಸಲೂಬಾರದು. ಸಂಶಯ ಬಲವಾಗಿದ್ದರೆ ಕಾನೂನಿನಂತೆ ಜಪ್ತಿ ಮಾಡಿ ರಸೀದಿ ಕೊಡಬೇಕು. ಇಂಥ ಬರಹದಿಂದ ಹೆಚ್ಚು ರಕ್ಷಣೆ ಸಿಗುವುದು ನನಗಿಂತ ಆ ಕಿರಿಯ ಕಾನ್‌ಸ್ಟೆಬಲ್‌ಗೆ. ಇಂದು ಅವನು ಯಾರನ್ನಾದರೂ ಬಿಟ್ಟು ಕಳಿಸಿ ನಾಳೆ ಅಲ್ಲಿ ಅನಾಹುತವಾದರೆ ಅವನ ಕೆಲಸಕ್ಕೇ ಕುತ್ತು; ತಡೆದರೆ ಕೇಳುವವರಿಲ್ಲ. ಆ ಸ್ಥಿತಿಯಲ್ಲಿ ಯಾರಾದರೂ ತಡೆಯುವುದನ್ನೇ ಆರಿಸಿಕೊಳ್ಳುತ್ತಾರೆ. ಏನು ಮಾಡಬೇಕೆಂದು ಬರೆದುಕೊಟ್ಟರೆ, ಬರೆದಂತೆ ನಡೆದುಕೊಂಡೆನೆಂದು ಅವನೂ ಧೈರ್ಯದಿಂದ ಹೇಳಬಹುದು.

ದಸರೆಯ ಸಮಯದಲ್ಲಿ ದೇಶದ ಮೂಲೆಮೂಲೆಯಿಂದ ಛಾಯಾಗ್ರಾಹಕರು ಮೈಸೂರಿಗೆ ಬರುತ್ತಾರೆ. ಜಂಬೂಸವಾರಿಯ ದಾರಿಯಲ್ಲಿ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂದು ಪೊಲೀಸರು ಮೊದಲೇ ತಿಳಿಸುವುದರಿಂದ, ಅಷ್ಟು ಜನಜಂಗುಳಿಯಲ್ಲೂ ನನಗೆ ಒಮ್ಮೆಯೂ ಅವರೊಂದಿಗೆ ಮಾತಿನ ಚಕಮಕಿಯಾದದ್ದಿಲ್ಲ. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ರಾಜ್ಯ ಪೊಲೀಸ್ ಕೇಂದ್ರ ಕಚೇರಿ ಆ ಪದ್ಧತಿಯನ್ನು ವರ್ಷದ ಉಳಿದ ದಿನಗಳಿಗೂ, ಉಳಿದ ಊರುಗಳಿಗೂ ವಿಸ್ತರಿಸಲಿ. ಸುತ್ತೋಲೆ ಬಂದ ದಿನ ಅದರ ಒಂದು ಪ್ರತಿಯನ್ನು ಕ್ಯಾಮೆರಾ ಚೀಲದಲ್ಲಿ ಇಟ್ಟುಕೊಂಡು ನಾನು ಮತ್ತೆ ಅದೇ ಸೇತುವೆಯ ಬಳಿಗೆ ಹೋಗುತ್ತೇನೆ. ಬಟ್ಟೆ ಒಗೆಯುತ್ತಿದ್ದ ಆ ಇಬ್ಬರಿಗೆ ಅವರ ಚಿತ್ರದ ಪ್ರತಿ ತಂದುಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಅಧ್ಯಾಪಕ, ಮೈಸೂರು